ಪುಸ್ತಕದಾಗ ಹಾಂಗೇ ಅದ

ಕೊಲೆ ಮಾಡಿದವರು ಯಾರು ಅಂತ ಈಗಲೇ ಹೇಳಿಬಿಡಲೇನು?

ನೋಡಿದಿರಾ, ಯಾರ ಕೊಲೆ, ಎಲ್ಲಿಯ ಕೊಲೆ ಅಂತ ಇನ್ನೂ ಗೊತ್ತೇ ಇಲ್ಲ, ಆಗಲೇ ನಿಮ್ಮ ಮನಸ್ಸು ‘ಬೇಡ ಬೇಡ’ ಅಂದಿತು. ಹೆದರಬೇಡಿ. ನಾನು ಅಂಥವಳಲ್ಲ. ಅಂಥವಳೇ, ಆದರೆ ಈ ವಿಷಯದಲ್ಲಿ ಅಲ್ಲ. ಈ ವಿಷಯದಲ್ಲಿ ನನಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಿದವರು ಒಬ್ಬರಿದ್ದರು. ನಮ್ಮ ಎದುರು ಮನೆಯ ಮಾಸ್ತರರು. ಹೋದ ಸಂಕ್ರಾಂತಿ ಮುಗಿದ ಮೇಲೆ ತೀರಿಕೊಂಡರು. ಮೊಬೈಲಿನಲ್ಲಿ ಕನ್ನಡ ಕುಟ್ಟುವುದನ್ನು ಮೊಮ್ಮಗಳು ಹೋದ ವರ್ಷವಷ್ಟೇ ಕಲಿಸಿದ್ದಾಳೆ. ನನ್ನ ದಪ್ಪ ಬೆರಳು ಒಂದು ಅಕ್ಷರ ಒತ್ತಿದರೆ ಪಕ್ಕದ್ದೂ ಎದ್ದು ಬರುತ್ತದೆ. ಆದರೂ ಇದನ್ನು ಕುಟ್ಟಲೇಬೇಕು ಅಂತ ಕುಳಿತಿದ್ದೇನೆ.

ಮಾಸ್ತರರ ಮನೆ ಬಸವಕಲ್ಯಾಣದಲ್ಲಿ, ಶಾಲೆ ಹುಮನಾಬಾದಿನಲ್ಲಿ. ನನ್ನದೂ ಹಾಗೇ. ಮನೆ ಇಲ್ಲಿ, ಬಳೆ ಅಂಗಡಿ ಅಲ್ಲಿ. ಹೀಗಾಗಿ ವರ್ಷಗಟ್ಟಲೆ ಬೆಳಗಿನ ಒಂದೇ ಬಸ್ಸಿಗೆ ನಾವಿಬ್ಬರೂ ಗಿರಾಕಿಗಳು. ನನ್ನ ತೊಡೆಯ ಮೇಲೆ ಬಳೆಯ ಡಬ್ಬಿ, ಪಕ್ಕದ ಸೀಟಿನಲ್ಲಿ ಮಾಸ್ತರರು. ಬಂಗ್ಲಾ ಕ್ರಾಸಿನವರೆಗೆ ಕೆಟ್ಟ ರಸ್ತೆ. ಬಸ್ಸು ಕುಣಿದಾಗಲೆಲ್ಲ ನನ್ನ ಬಳೆ ಗಲಗಲ ಅನ್ನುತ್ತಿದ್ದವು. ಮಾಸ್ತರರು ಮುಖ ಸಣ್ಣದು ಮಾಡಿ, "ಅಕ್ಕಾರ, ನಿಮ್ಮ ಹುಡುಗ್ಯಾರ್ನ ಜರಾ ಸುಮ್ಮ ಕುಂದ್ರಿಸ್ರಿ, ಕಥಿ ಕೆಡ್ತದ" ಅನ್ನುತ್ತಿದ್ದರು.

ಹೌದು, ಕಥೆ. ಅವರು ಬಸ್ಸಿನಲ್ಲಿ ಕಥೆ ಹೇಳುತ್ತಿದ್ದರು. ಶಾಲೆಯಲ್ಲಿ ಗಣಿತ ಕಲಿಸುವ ಮನುಷ್ಯ, ಬಸ್ಸು ಹತ್ತಿದರೆ ಖೂನಿನ ಮಾತು! ಹಳೆಯ ಕಾಲದ ಒಂದು ಪತ್ತೇದಾರಿ ಕಾದಂಬರಿ ಅವರ ಪಾಲಿಗೆ ದೊಡ್ಡ ಗ್ರಂಥ. ನದಿ ದಂಡೆಯ ಮೇಲೊಂದು ವಾಡೆ, ಕೋಟೆಯಂಥ ದೊಡ್ಡ ಮನೆ. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಮುದಿ ಸಾವುಕಾರರು ಸತ್ತು ಬಿದ್ದಿದ್ದಾರೆ. ವಾಡೆಯಲ್ಲಿ ಇದ್ದವರು ಸಾವುಕಾರರ ತಮ್ಮ, ಸೊಸೆ, ಕಾರಕೂನ, ಮತ್ತು ಮನೆಗೆ ಬಂದುಹೋಗುವ ಡಾಕ್ಟರು. ಪತ್ತೆ ಮಾಡುವುದಕ್ಕೆ ಬರುವವರು ಕೋಲೂರಿಕೊಂಡು ನಡೆಯುವ ಒಬ್ಬ ವಕೀಲರು. ಇಷ್ಟೇ. ಈ ಇಷ್ಟನ್ನೇ ಮಾಸ್ತರರು ದಿನಕ್ಕೆ ಒಂದು ತುತ್ತಿನಂತೆ ಬಡಿಸುತ್ತಿದ್ದರು. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಗೇಟು ಕಂಡ ಕೂಡಲೇ, "ವಕೀಲರು ಬಾಗಿಲ ದೂಡಿದ್ರು, ಒಳಗ ನೋಡ್ತಾರ..." ಅಂತ ಎದ್ದು ನಿಂತು ಧೋತರ ಝಾಡಿಸಿಕೊಳ್ಳುತ್ತಿದ್ದರು. ಒಳಗೆ ಏನಿತ್ತು ಅಂತ ತಿಳಿಯುವುದಕ್ಕೆ ಮರುದಿನ ಅದೇ ಬಸ್ಸು ಹಿಡಿಯಬೇಕು. ನಾನೇ ಒಂದು ಸಲ ಜ್ವರ ಇದ್ದರೂ ಅಂಗಡಿ ತೆರೆಯಲು ಹೋಗಿದ್ದೇನೆ. ಮನೆಯವರು, "ಎಷ್ಟು ಕಷ್ಟಪಡ್ತಾಳ ಪಾಪ" ಅಂದುಕೊಂಡರು.

ಒಂದು ಸಲ ರಾಜೇಶ್ವರ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಬೇರೆ ಬಸ್ಸಿನ ಮಂದಿಯಾದರೆ ಡ್ರೈವರನ ಮೈಮೇಲೆ ಬೀಳುತ್ತಿದ್ದರು. ನಮ್ಮ ಬಸ್ಸಿನಲ್ಲಿ ಹಬ್ಬ. ಕಥೆ ಹೆಚ್ಚು ಸಿಗುತ್ತದಲ್ಲ! ಕಂಡಕ್ಟರ ತನ್ನ ಚೀಲ ಬದಿಗಿಟ್ಟು ಮಾಸ್ತರರ ಎದುರೇ ಕುಳಿತ. ಮಾಸ್ತರರು ಮಾತ್ರ ಸ್ವಲ್ಪ ಹೇಳಿ ಗಪ್ಪಾದರು.

"ಮುಂದ ಹೇಳ್ರಿ ಸರ."

"ಇವತ್ತಿಂದು ಮುಗೀತು."

"ಬಸ್ಸು ಇನ್ನಾ ಇಲ್ಲೇ ಅದಲ್ರಿ!"

"ಬಸ್ಸು ಕೆಟ್ರ ಕಥಿ ಯಾಕ ಕೆಡಸ್ಲಿ? ಇವತ್ತು ಇಷ್ಟೇ ಹೇಳಾದಿತ್ತು, ಇಷ್ಟೇ ಹೇಳೀನಿ."

ಮೆಕ್ಯಾನಿಕ್ ಬರುವವರೆಗೂ ಬಿಸಿಲಿನಲ್ಲಿ ತುಟಿ ಬಿಚ್ಚದೆ ಕುಳಿತರು. ಅಂಥ ಮನುಷ್ಯ.

ಕಡೆಗೆ ಆ ದಿನ ಬಂತು. ವಕೀಲರು ಎಲ್ಲರನ್ನೂ ವಾಡೆಯ ಪಡಸಾಲೆಯಲ್ಲಿ ಕೂಡಿಸಿದ್ದಾರೆ. ಹಿಂದಿನ ಸೀಟಿನವರೂ ಎದ್ದು ಮುಂದೆ ಬಂದು ನಿಂತಿದ್ದಾರೆ. ಮಾಸ್ತರರು ಎದ್ದು ಧೋತರ ಝಾಡಿಸಿ, "ಖೂನ ಮಾಡಿದವ್ರು ಯಾರಂತ ಇನ್ನ ನೀವೇ ತಿಳ್ಕೋರಿ. ನಾ ಹೇಳಂಗಿಲ್ಲ. ಕೊನಿ ಹೇಳಾದು ಅಂದ್ರ ಇನ್ನೊಬ್ರ ಬುತ್ತಿ ಬಿಚ್ಚಿ ನಾವು ತಿಂದಂಗ" ಅಂದರು. ಮರುದಿನವೂ ಹೇಳಲಿಲ್ಲ. ಆ ವಾರವೂ ಹೇಳಲಿಲ್ಲ. ದುಬಲಗುಂಡಿಯ ಮುದುಕರೊಬ್ಬರು, ಗೋಡೆ ಕಟ್ಟುವ ಗೌಂಡಿ, ಬಸವಕಲ್ಯಾಣದ ಮಗಳ ಮನೆಯಲ್ಲಿದ್ದುಕೊಂಡು ಹುಮನಾಬಾದಿಗೆ ಕೆಲಸಕ್ಕೆ ಬರುತ್ತಿದ್ದರು. ಅವರು ಗಾರೆ ಮೆತ್ತುವ ಕರಣಿ ಎತ್ತಿ ಹಿಡಿದು, "ಮಾಸ್ತರ, ಅವ ಯಾವನೋ ಒಬ್ಬ ಸಾವುಕಾರನ್ನ ಕೊಂದ. ನೀ ಬಸ್ ತುಂಬ ಮಂದೀನ್ನ ಕೊಂದಿ" ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮಾಸ್ತರರು ನಕ್ಕರು. ಆ ನಗೆಯಲ್ಲಿ ಒಂದು ಹುಳುಕು ಇತ್ತು ಅಂತ ನನಗೆ ಆಗ ತಿಳಿಯಲಿಲ್ಲ.

ತಿಳಿಯುವುದಾದರೂ ಹೇಗೆ? ಅವರು ಎಲ್ಲದರಲ್ಲೂ ಹಾಗೇ ಇದ್ದರಲ್ಲ. ಮಗಳಿಗೆ ಹೆರಿಗೆಯಾದಾಗ ಓಣಿಗೆ ಬಂದು "ಆತ್ರಿ, ಇಬ್ಬರೂ ಆರಾಮ ಇದ್ದಾರ" ಅಂದರೇ ಹೊರತು ಹೆಣ್ಣೋ ಗಂಡೋ ಹೇಳಲಿಲ್ಲ. "ಹೋಗಿ ನೋಡ್ರಿ, ನಿಮ್ಮ ಖುಷಿ ನಾ ಯಾಕ ಕಸೀಲಿ?" ಅವರ ಹೆಂಡತಿಯನ್ನು ನಾನು ವೈನಿ ಅಂತ ಕರೆಯುತ್ತೇನೆ. ಆಕೆ ಹೇಳುತ್ತಿದ್ದದ್ದು ಇಷ್ಟು: "ಅಡಿಗಿ ಏನ್ ಮಾಡೀನಂತ ಹೇಳಬ್ಯಾಡ ಅಂತಾರ. ಬೋಗಾಣಿ ಮುಚ್ಚಳ ತಾವೇ ತೆಗೀಬೇಕಂತ. ಬದ್ನಿಕಾಯಿ ಕಂಡ್ರ ಮತ್ತ ಮುಚ್ಚಿ ಬಿಡ್ತಾರ."

ವರ್ಷಗಳು ಹೋದವು. ಮಾಸ್ತರರು ನಿವೃತ್ತರಾದರು, ನಾನು ಅಂಗಡಿ ಮಗನಿಗೆ ಬಿಟ್ಟೆ. ಹೋದ ವರ್ಷ ಯುಗಾದಿ ಮುಗಿದ ಮೇಲೆ ಟಿವಿಯಲ್ಲಿ ಒಂದು ಜಾಹೀರಾತು ಬಂತು. ನದಿ ದಂಡೆ, ವಾಡೆ, ಕೋಲು ಹಿಡಿದ ವಕೀಲರು! ‘ಕಾದಂಬರಿ ಇದ್ದದ್ದು ಇದ್ದಂತೆ, ಪ್ರತಿ ಭಾನುವಾರ ಸಂಜೆ’ ಅಂತ. ನಾನು ಸೆರಗು ಸಿಕ್ಕಿಸಿಕೊಂಡು ಎದುರು ಮನೆಗೆ ಓಡಿದೆ. ಮಾಸ್ತರರು ಹಲ್ಲುಜ್ಜುತ್ತಿದ್ದರು. ಸುದ್ದಿ ಕೇಳಿ ಬಾಯಿ ಮುಕ್ಕಳಿಸುವುದನ್ನೇ ಮರೆತು, "ಖರೇ ಅಂತೀರಾ? ಇದ್ದದ್ದು ಇದ್ದಂಗ?" ಅಂದರು. ಬುರುಗು ಗಲ್ಲದ ಮೇಲೆ ಇಳಿಯುತ್ತಿತ್ತು.

ಓಣಿಯಲ್ಲಿ ದೊಡ್ಡ ಟಿವಿ ನಮ್ಮದು. ಭಾನುವಾರ ಸಂಜೆ ನಮ್ಮ ಪಡಸಾಲೆ ಆ ಹಳೆಯ ಬಸ್ಸೇ ಆಯಿತು. ಮಾಸ್ತರರಿಗೆ ಬೆತ್ತದ ಕುರ್ಚಿ. ಅವರ ಕಾಲ ಬುಡಕ್ಕೆ ಕೊಹಿನೂರ ಕಾಕು. ಕೊಹಿನೂರ ಅನ್ನುವ ಹಳ್ಳಿಯಿಂದ ಲಗ್ನವಾಗಿ ಬಂದು ಅರ್ಧ ಆಯುಷ್ಯ ಇಲ್ಲೇ ಕಳೆದರೂ ಆಕೆಗೆ ಅದೇ ಹೆಸರು. ಶ್ರಾವಣದಲ್ಲಿ ಮಠದ ಪುರಾಣ ಒಂದು ದಿನವೂ ತಪ್ಪಿಸಿದವಳಲ್ಲ. ಟಿವಿಯನ್ನೂ ಆಕೆ ಹಾಗೇ ನೋಡುತ್ತಿದ್ದಳು. ತಲೆಯ ಮೇಲೆ ಸೆರಗು, ಜೋಡಿಸಿದ ಕೈ. ಸಾವುಕಾರರ ಹೆಣ ಕಂಡಾಗ ಗಲ್ಲ ಗಲ್ಲ ಬಡಿದುಕೊಂಡು "ಶಿವಾ ಶಿವಾ" ಅನ್ನುತ್ತಿದ್ದಳು. ಮೊದಲನೇ ವಾರವೇ ಮಾಸ್ತರರಿಗೆ ಗಂಟುಬಿದ್ದಳು.

"ಮಾಸ್ತರ, ಯಾರ್ ಮಾಡ್ಯಾರ ಹೇಳಿಬಿಡ್ರಿ. ಆರಾಮಾಗಿ ನೋಡ್ತೀನಿ."

"ಹೇಳಿದ್ರ ನೋಡಾದು ಏನ್ ಉಳೀತದ ಕಾಕು?"

"ಅಯ್ಯ, ಪುರಾಣದಾಗ ಕೊನಿಗಿ ಏನಾಗ್ತದ ಅಂತ ನಮಗ ಮೊದ್ಲೇ ಗೊತ್ತಿರಂಗಿಲ್ಲೇನು? ವರ್ಷಾ ವರ್ಷಾ ಕೇಳ್ತೀವಿ. ಶಾಸ್ತ್ರಿಗಳು ಸರಿಯಾಗಿ ಹೇಳ್ತಾರೋ ಇಲ್ಲೋ ಅಂತ ನೋಡಾಕೇ ಹೋಗಾದು."

ನೋಡಿದರೆ ಮಾಸ್ತರರೂ ಮಾಡುತ್ತಿದ್ದದ್ದು ಅದನ್ನೇ. ಪ್ರತಿ ದೃಶ್ಯ ಮುಗಿದಾಗಲೂ ತೋರುಬೆರಳು ಮೇಲೆತ್ತಿ, "ಪುಸ್ತಕದಾಗ ಹಾಂಗೇ ಅದ" ಅನ್ನುತ್ತಿದ್ದರು. ಕಾರಕೂನನ ಕೆಮ್ಮು? ಹಾಂಗೇ ಅದ. ಡಾಕ್ಟರರ ಹರಕು ಕೋಟು? ಹಾಂಗೇ ಅದ. ಸೊಸೆ ಬಂದಾಗಲೆಲ್ಲ ಕೈತುಂಬ ಹಸಿರು ಬಳೆ ಸದ್ದು ಮಾಡುತ್ತಿದ್ದವು. ಅದು ನನ್ನ ಖಾತೆ. "ಗಾಜಿಂದೇ ಹಾಕ್ಯಾರ, ಪ್ಲಾಸ್ಟಿಕ್ ಅಲ್ಲ" ಅಂತ ನಾನು ಸರ್ಟಿಫಿಕೇಟ್ ಕೊಟ್ಟ ಮೇಲೆ ಮಾಸ್ತರರು "ಹಾಂಗೇ ಅದ" ಅಂದರು.

ಆದರೆ ಒಂದು ವಾರ, ಕಥೆಯಲ್ಲಿ ತೂಗುಹಾಕಿದ ಕಂದೀಲು ಇದ್ದ ಕಡೆ, ಟೇಬಲ್ಲಿನ ಮೇಲೆ ಗಾಜಿನ ಚಿಮಣಿ ದೀಪ ಇಟ್ಟಿದ್ದರು. ಮಾಸ್ತರರ ಬೆರಳು ಏಳಲಿಲ್ಲ. ಚಹಾ ಕುಡಿಯದೆ ಎದ್ದು ಹೋದರು. "ದೀಪಕ್ಕ ಯಾರರ ಸಿಟ್ಟಿಗೇಳ್ತಾರೇನ?" ಅಂತ ಎಲ್ಲರೂ ನಕ್ಕೆವು. ಆ ರಾತ್ರಿ ಊಟವನ್ನೂ ಮಾಡಲಿಲ್ಲ ಅಂತ ವೈನಿ ಮರುದಿನ ಹೇಳಿದಾಗ ನನಗೆ ಅನುಮಾನದ ಮೊದಲ ಇರುವೆ ಕಚ್ಚಿತು. ಕಥೆಯ ಕೊನೆ ಗೊತ್ತಿದ್ದ ಮನುಷ್ಯನಿಗೆ ಒಂದು ದೀಪಕ್ಕೆ ಇಷ್ಟೇಕೆ ಅಂಜಿಕೆ?

ಅದೇ ಹೊತ್ತಿಗೆ ಮೊಮ್ಮಗಳು ನನಗೆ ಮೊಬೈಲಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿಸಿದಳು. ನಾನು ಮೊಟ್ಟಮೊದಲು ಕುಟ್ಟಿದ್ದು ದೇವರ ಹೆಸರಲ್ಲ. ಆ ಕಾದಂಬರಿಯ ಹೆಸರು ಕುಟ್ಟಿ, ಪಕ್ಕದಲ್ಲಿ ‘ಖೂನ ಮಾಡಿದ್ದು ಯಾರು’ ಅಂತ ಕುಟ್ಟಿದೆ. ಯಾರೋ ಪುಣ್ಯಾತ್ಮರು ಎಲ್ಲಾ ಬರೆದಿಟ್ಟಿದ್ದರು. ಓದಿ ಬಾಯಿಯ ಮೇಲೆ ಕೈ ಇಟ್ಟುಕೊಂಡೆ. ಬಸ್ಸಿನಲ್ಲಿ ಅಷ್ಟು ವರ್ಷ ಕಾಯಿಸಿದ ಹೆಸರು! ಮೊದಲು ಖುಷಿಯಾಯಿತು, ಆಮೇಲೆ ತುಸು ಬೇಜಾರಾಯಿತು. ನನ್ನ ಬುತ್ತಿ ನಾನೇ ಕದ್ದು ತಿಂದಂತೆ. ಬೇಜಾರು ಹೋಗಲಿ ಅಂತ ಮಾಸ್ತರರನ್ನು ಕಾಡಲು ಹೊರಟೆ.

ಕಟ್ಟೆಯ ಮೇಲೆ ಕುಳಿತು ಕಣ್ಣಿಗೆ ಔಷಧ ಹಾಕಿಸಿಕೊಳ್ಳುತ್ತಿದ್ದರು. ಎಡಗಣ್ಣು ಮೊದಲೇ ಹೋಗಿತ್ತು, ಬೆಳಕು ಯಾವುದು ಕತ್ತಲು ಯಾವುದು ಅಂತ ಅಷ್ಟೇ ತಿಳಿಯುತ್ತಿತ್ತು. ಬಲಗಣ್ಣಿಗೆ ಪೊರೆ. ವೈನಿ ಒಳಗೆ ಹೋದದ್ದು ನೋಡಿ ಹತ್ತಿರ ಕುಳಿತು ಸಣ್ಣ ದನಿಯಲ್ಲಿ ಹೇಳಿದೆ:

"ಮಾಸ್ತರ, ನಿಮಗ ಗೊತ್ತಿದ್ದದ್ದು ನನಗೂ ಗೊತ್ತಾತು. ಮೊಬೈಲನಾಗ ನೋಡಿದೆ."

ಅವರು ನೆಟ್ಟಗಾದರು.

"ಡಾಕ್ಟರೇ ಅಲ್ಲೇನ್ರಿ ಖೂನ ಮಾಡಿದವ?"

ಅವರು ಬೆರಳೆತ್ತಿ, "ಶಾಣ್ಯಾರಿದ್ದೀರಿ ಅಕ್ಕಾರ. ಡಾಕ್ಟರೇ. ಆದ್ರ ಯಾರ ಮುಂದೂ ಹೇಳಬ್ಯಾಡ್ರಿ" ಅಂದರು.

ಡಾಕ್ಟರಲ್ಲ! ನಾನು ಬೇಕಂತಲೇ ಸುಳ್ಳು ಹೆಸರು ಹೇಳಿದ್ದೆ. ನನಗೆ ನಗು ತಡೆಯಲಾಗಲಿಲ್ಲ. ನಕ್ಕ ನಗೆಗೆ ಕಟ್ಟೆಯ ಕೆಳಗಿನ ಕೋಳಿ ಎದ್ದು ಓಡಿತು. ಮಾಸ್ತರರಿಗೆ ಎಲ್ಲಾ ತಿಳಿಯಿತು. ಗಣಿತದವರಲ್ಲವೇ. ಧೋತರದ ಅಂಚು ಮಡಚತೊಡಗಿದರು.

"ಸಿಕ್ಕೊಂಡೆ," ಅಂದರು. "ಆ ಪುಸ್ತಕ ನನಗ ಸಿಕ್ಕದ್ದು ಬಸ್ಸಿನ ಸೀಟಿನ ಮ್ಯಾಲ, ಹೊಸಾದಾಗಿ ನೌಕರಿ ಹತ್ತಿದಾಗ. ಯಾರೋ ಬಿಟ್ಟು ಹೋಗಿದ್ರು. ಹಿಂದಿನ ರಟ್ಟೂ ಇರ್ಲಿಲ್ಲ, ಕೊನಿ ಹಾಳಿಗೋಳೂ ಇರ್ಲಿಲ್ಲ. ಎಲ್ಲಾರ್ನೂ ಪಡಸಾಲ್ಯಾಗ ಕುಂದ್ರಿಸಿದಲ್ಲಿಗಿ ಹರಿದಿತ್ತು. ಹುಮನಾಬಾದ, ಕಲಬುರ್ಗಿ, ಎಲ್ಲಾ ಕಡಿ ಕೇಳಿದೆ. ಯಾರ ಬಲ್ಲೂ ಇಲ್ಲ."

"ಹಂಗಿದ್ರ ಬಸ್ಸಿನಾಗ ಯಾಕ ಶುರು ಮಾಡಿದ್ರಿ?"

"ಬಾಯಾಗ ನಿಲ್ಲಲಿಲ್ರಿ. ಅಷ್ಟು ಚೊಲೋ ಕಥಿ."

"ಒಂದು ಕೊನಿ ನೀವೇ ಕಟ್ಟಿ ಹೇಳಾಕ ಏನಾಗಿತ್ತು? ಆ ಗೌಂಡಿ ಮುದುಕಪ್ಪ ಬೈದು ಹೋದ."

ಮಾಸ್ತರರು ನನ್ನನ್ನು ಕಳ್ಳಿಯನ್ನು ನೋಡುವಂತೆ ನೋಡಿದರು. "ಪುಸ್ತಕದಾಗ ಇಲ್ಲದ್ದು ನಾ ಹ್ಯಾಂಗ ಹೇಳ್ಲಿ?"

ಆಗ ನನಗೆ ಆ ದೀಪದ ಸಂಕಟ ಅರ್ಥವಾಯಿತು. ದೀಪ ಬದಲಿಸಿದವರು ನಾಳೆ ಕೊನೆಯನ್ನೂ ಬದಲಿಸಿದರೆ? ಇಡೀ ಆಯುಷ್ಯ ಕಾದದ್ದು ಆ ಕಾದಂಬರಿಯ ಕೊನೆಗೆ, ಯಾರೋ ಕಟ್ಟಿದ ಕೊನೆಗಲ್ಲ. ವಾರ ವಾರ ಬೆರಳೆತ್ತಿ ಹಾಂಗೇ ಅದ, ಹಾಂಗೇ ಅದ ಅನ್ನುತ್ತಿದ್ದದ್ದು ನಮಗೆ ಹೇಳಲು ಅಲ್ಲ, ತಮಗೆ ತಾವೇ ಧೈರ್ಯ ಹೇಳಿಕೊಳ್ಳಲು.

"ಹೇಳ್ಲೇನ್ರಿ ಹಂಗಾರ? ಈಗೇ ಹೇಳಿಬಿಡ್ತೀನಿ," ಅಂದೆ.

ಎರಡೂ ಕಿವಿ ಮುಚ್ಚಿಕೊಂಡರು. "ಬ್ಯಾಡ್ರಿ! ನಾನೇ ನೋಡ್ತೀನಿ. ಮತ್ತ ನನಗ ಗೊತ್ತಿಲ್ಲ ಅನ್ನಾದು ಓಣ್ಯಾಗ ಹೊರಗ ಹಾಕಬ್ಯಾಡ್ರಿ. ನಾ ಹೋದ ಮ್ಯಾಲ ಬೇಕಾದ್ರ ಡಂಗುರ ಹೊಡಸ್ರಿ."

ಇದೇ ಆ ಡಂಗುರ. ವೈನಿಯನ್ನು ಕೇಳಿಯೇ ಹೊಡೆಯುತ್ತಿದ್ದೇನೆ.

ಆಮೇಲಿನ ವಾರಗಳಲ್ಲಿ ನಾನು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಓಣಿಯಲ್ಲಿ ಎದುರು ಸಿಕ್ಕಾಗ "ಕಾರಕೂನಂದು ಯಾಕೋ ಮಾರಿ ಸರಿ ಇಲ್ರಿ" ಅಂತ ಗಾಳಿಯಲ್ಲಿ ಬಿಡುತ್ತಿದ್ದೆ. ಅವರು ಕಿವಿ ಮುಚ್ಚಿಕೊಂಡು ಬೇರೆ ಸಂದಿ ಹಿಡಿಯುತ್ತಿದ್ದರು. ಮರುದಿನ "ತಮ್ಮಂದೂ ಸರಿ ಇಲ್ಲ" ಅನ್ನುತ್ತಿದ್ದೆ, ಲೆಕ್ಕ ತಪ್ಪಲಿ ಅಂತ.

ಇನ್ನು ಒಂದೇ ಕಂತು ಉಳಿದಿದೆ ಅನ್ನುವಾಗ ಹುಮನಾಬಾದಿನಲ್ಲಿ ಕಣ್ಣಿನ ಕ್ಯಾಂಪು ಬಂತು. ಮಾಸ್ತರರು ಒಲ್ಲೆ ಅಂದರು. ವೈನಿ ಬಿಡಲಿಲ್ಲ. ಮರುದಿನವೇ ಪಟ್ಟಿ ಬಿಚ್ಚುತ್ತಾರೆ, ಭಾನುವಾರಕ್ಕೆ ಹೊಸ ಕಣ್ಣಿನಲ್ಲಿ ನೋಡಬಹುದು ಅಂತ ನಾನೂ ಸೇರಿಕೊಂಡು ಒಪ್ಪಿಸಿದೆ. ಬಲಗಣ್ಣಿನ ಆಪರೇಷನ್ ಆಯಿತು. ಆದರೆ ಕಣ್ಣು ಕೆಂಪಾಗಿದೆ, ಪಟ್ಟಿ ಇನ್ನೂ ಕೆಲವು ದಿನ ಇರಲಿ ಅಂದುಬಿಟ್ಟರು. ಭಾನುವಾರ ಸಂಜೆ ವೈನಿ ಕೈ ಹಿಡಿದು ಕರೆತಂದಾಗ ಮಾಸ್ತರರ ಬಲಗಣ್ಣ ಮೇಲೆ ಬಿಳಿ ಪಟ್ಟಿ, ಅದರ ಮೇಲೆ ಕರಿ ಕನ್ನಡಕ. ಟಿವಿ ಎಲ್ಲಿದೆ ಅಂತ ಕೂಡ ಸದ್ದಿನ ಮೇಲೆ ಗುರುತು ಹಿಡಿಯಬೇಕು.

ಓಣಿಯಲ್ಲಿ ಒಬ್ಬರಿಗಾದರೂ ಪಾಪ ಅನ್ನಿಸಲಿಲ್ಲ. "ನಿಮಗೇನ್ರಿ ಮಾಸ್ತರ," ಅಂದಳು ಕೊಹಿನೂರ ಕಾಕು, "ಕಣ್ಣು ಮುಚ್ಚಿದ್ರೂ ಎಲ್ಲಾ ಗೊತ್ತದ!" ಮಾಸ್ತರರು ಕರಿ ಕನ್ನಡಕವನ್ನು ಎರಡೆರಡು ಸಲ ಸರಿಮಾಡಿಕೊಂಡರು. ಯಾಕೆ ಅಂತ ನನಗೊಬ್ಬಳಿಗೇ ಗೊತ್ತು.

ಪುರಾಣ ಮುಗಿಯುವ ದಿನ ಮಂಗಲ ಮಾಡುತ್ತಾರಲ್ಲ, ಕಾಕು ಅದೇ ತಯಾರಿಯಲ್ಲಿ ಬಂದಿದ್ದಳು. ತಾಟಿನಲ್ಲಿ ಆರತಿ, ತೆಂಗಿನಕಾಯಿ, ಗಂಟೆ. ಜತೆಗೆ ನಾಲ್ಕು ಹೆಣ್ಣುಮಕ್ಕಳು. "ಇಷ್ಟು ದಿನ ಕೇಳೀವಿ, ಮಂಗಲ ಮಾಡದ ಹಾಂಗೇ ಏಳಬಾರದು" ಅಂದಳು. ಟಿವಿಗೆ ಆರತಿಯೇ ಅಂತ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ, ನಾನೂ ಗೋಧಿ ಹುಗ್ಗಿ ಮಾಡಿಟ್ಟಿದ್ದೆ.

ನಾನು ಮಾಸ್ತರರ ಪಕ್ಕ ಸ್ಟೂಲು ಎಳೆದು ಕುಳಿತೆ.

"ನಾ ಕಣ್ಣಾಗ್ತೀನಿ. ಕಂಡದ್ದು ಹೇಳ್ತೀನಿ."

"ಕಂಡದ್ದಷ್ಟೇ ಹೇಳ್ರಿ. ಮುಂದಿಂದು ಹೇಳಿದ್ರ ನೋಡ್ರಿ ಮತ್ತ."

ಶುರುವಾಯಿತು. ಎಲ್ಲರೂ ವಾಡೆಯ ಪಡಸಾಲೆಯಲ್ಲಿ ಕೂಡಿದ್ದಾರೆ. "ತಮ್ಮ ಕಂಬಕ್ಕ ಒರಗಿ ನಿಂತಾನ. ಕಾರಕೂನ ಕೆಳಗ ಕುಂತಾನ. ಡಾಕ್ಟರು ಕಿಟಕಿ ಕಡಿ. ಸೊಸಿ ಎಲ್ಲಾರಿಗೂ ಚಹಾ ಕೊಡಾಕತ್ತಾಳ," ಅಂತ ಕಿವಿಯಲ್ಲಿ ಹೇಳುತ್ತಾ ಹೋದೆ. ಮಾಸ್ತರರು ಹರಿದ ಪುಟದ ಅಂಚಿನ ಮೇಲೆ ನಿಂತಿದ್ದರು. ಇಲ್ಲಿಂದ ಮುಂದೆ ಅವರಿಗೂ ದಾರಿ ಗೊತ್ತಿಲ್ಲ. ಕುರ್ಚಿಯ ತುದಿಗೆ ಸರಿದು ಟಿವಿ ಸದ್ದಿನ ಕಡೆ ಕಿವಿ ಕೊಟ್ಟರು.

ಟಿವಿಯಲ್ಲಿ ವಕೀಲರು ಮಾತಾಡುತ್ತಾ ಬಂದರು. ಚಿಲಕ ಹೇಗೆ ಬಿತ್ತು, ಸಾವುಕಾರರು ಕುಡಿದ ಹಾಲಿನಲ್ಲಿ ಏನಿತ್ತು, ಎಲ್ಲಾ ಬಿಡಿಸಿದರು. ಆಮೇಲೆ, "ಹೆಸರು ಹೇಳಿ ಈ ಮನೆಯ ಬಾಯಿ ಹೊಲಸು ಮಾಡುವುದಿಲ್ಲ" ಅಂದರು. ಅಂದು, ಕೋಲನ್ನು ಮೆಲ್ಲಗೆ ಎತ್ತಿ ಒಬ್ಬರ ಕಡೆ ಹಿಡಿದರು. ಒಂದು ಮಾತಿಲ್ಲ, ಸಂಗೀತವೂ ಇಲ್ಲ. ಆ ಒಬ್ಬರು ತಲೆ ತಗ್ಗಿಸಿದರು. ಮುಗಿಯಿತು.

ನಾನು ಬಾಯಿ ಮುಚ್ಚಿಕೊಂಡೆ. ಬೇಕಂತಲೇ. ಆ ಬಸ್ ಸ್ಟ್ಯಾಂಡಿನ ಗೇಟಿನಲ್ಲಿ ನಾನು ಪಡುತ್ತಿದ್ದ ಪಾಡು ಅವರೂ ಒಂದು ಗಳಿಗೆ ಪಡಲಿ ಅಂತ.

"ಅಯ್ಯ ಶಿವನೇ!" ಅಂದಳು ಕಾಕು. ಪಡಸಾಲೆಯ ಮಂದಿ ಎಲ್ಲಾ ಒಟ್ಟಿಗೆ ಹಿಂದೆ ತಿರುಗಿದರು. "ಮಾಸ್ತರ, ಪುಸ್ತಕದಾಗ ಹಾಂಗೇ ಅದ ಏನ್ರಿ?"

ಮಾಸ್ತರರು ಮುಖ ಮೇಲೆತ್ತಿ ಕುಳಿತಿದ್ದರು. ಕರಿ ಕನ್ನಡಕದ ಹಿಂದೆ ಏನು ನಡೆದಿತ್ತೋ. ಹೇಳಿಬಿಡಲೇ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಬೆರಳು ಎದ್ದಿತು.

"ಹಾಂಗೇ ಅದ."

ಕಾಕು ಗಂಟೆ ಬಾರಿಸಿಯೇ ಬಿಟ್ಟಳು. ಹೆಣ್ಣುಮಕ್ಕಳು ಎದ್ದು ನಿಂತು ಮಂಗಲದ ಪದ ಎತ್ತಿಕೊಂಡರು. ಟಿವಿಯಲ್ಲಿ ಸೋಪಿನ ಜಾಹೀರಾತಿಗೆ ಆರತಿ ನಡೆಯಿತು. ಆ ಗದ್ದಲದಲ್ಲಿ ನಾನು ಅವರ ಕಿವಿಗೆ ಬಾಗಿ, "ಸುಳ್ಳು ಮಾಸ್ತರ! ಕೋಲು ಯಾರ ಕಡಿ ಹೋತು ಅಂತ ಕಂಡಿಲ್ಲ, ಆದ್ರೂ ಹಾಂಗೇ ಅದ ಅಂತೀರಿ. ಒಮ್ಮಿ ಅಕ್ಕಾರ ಹೇಳ್ರಿ ಅನ್ರಿ, ಹೇಳ್ತೀನಿ" ಅಂದೆ.

ಮಾಸ್ತರರು ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿದರು. ತುಟಿಯ ಮೇಲೆ ಆ ಹಳೆಯ ಬಸ್ಸಿನ ನಗು. ಈ ಸಲ ಅದರಲ್ಲಿ ಹುಳುಕಿರಲಿಲ್ಲ.

"ಅಕ್ಕಾರ, ನೀವು ಬಳಿ ಬರೇ ಮಾರಿದ್ರಿ. ಬಾಜೂ ಕುಂತು ಅಷ್ಟು ವರ್ಷ ಅದರ ಸದ್ದು ಕೇಳಿದವ ನಾ. ಚಹಾ ಕೊಡಾಕಿ ಕೈಯಾಗ ಒಂದೇ ಸವನ ಗಲಗಲ ಅನ್ನಾಕತ್ತಿದ್ದವು, ವಕೀಲರ ಮಾತು ನಿಂತ ಕೂಡ್ಲೇ ಗಪ್ಪ ಆದ್ವು. ಹುಗ್ಗಿ ತರ್ರಿ ಈಗ, ತುಪ್ಪ ಜರಾ ಜಾಸ್ತಿ ಇರ್ಲಿ."